ನಿಮ್ಮ ರೂಟ್‌ಗೆ ಎಷ್ಟು ಬಸ್ ಬೇಕು? ಮೊದಲು ಲೆಕ್ಕ, ಆಮೇಲೆ ಅರ್ಜಿ

"ನಮ್ಮ ರೂಟ್‌ಗೆ ಇನ್ನೂ ಎರಡು ಬಸ್ ಬಿಡಿ" ಅಂತ ಅರ್ಜಿ ಬರೆಯುವುದು ಸುಲಭ. ನಾನೂ ಎರಡು ಸಲ ಬರೆದಿದ್ದೆ. ಎರಡಕ್ಕೂ ಉತ್ತರ ಬರಲಿಲ್ಲ. ಮೂರನೇ ಸಲ ಬರೆಯುವ ಮುಂಚೆ ಮೂರು ದಿನ ಬೆಳಿಗ್ಗೆ ಅದೇ ಸ್ಟಾಪಿನಲ್ಲಿ ನೋಟ್‌ಬುಕ್ ಹಿಡಿದು ನಿಂತೆ. ಬಸ್ ಬಂದ ಹೊತ್ತು ಬರೆದುಕೊಂಡೆ, ಅಷ್ಟೇ. 7:40ಕ್ಕೆ ಒಂದು, 7:43ಕ್ಕೆ ಇನ್ನೊಂದು, ಆಮೇಲೆ 8:12ರ ತನಕ ಒಂದೂ ಇಲ್ಲ. ಮೂರೂ ದಿನ ಹೆಚ್ಚುಕಡಿಮೆ ಹೀಗೇ. ಮೊದಲ ಬಸ್ಸಿನಲ್ಲಿ ಕಾಲಿಡಲು ಜಾಗ ಇಲ್ಲ, ಹಿಂದೆಯೇ ಬಂದ ಬಸ್ಸಿನಲ್ಲಿ ಅರ್ಧ ಸೀಟು ಖಾಲಿ. ಹಾಗಾದರೆ ಬಸ್ ಸಾಕಷ್ಟಿತ್ತು, ನಡುವಿನ ಅಂತರ ತಪ್ಪಿತ್ತು. ಅದನ್ನೇ ಬರೆದೆ, ಮೂರು ದಿನದ ಪಟ್ಟಿ ಜೊತೆಗಿಟ್ಟೆ. ಮುಂದಿನ ವೇಳಾಪಟ್ಟಿಯಲ್ಲಿ ಎರಡನೇ ಬಸ್ 7:55ಕ್ಕೆ ಬಂತು.

ಬಸ್ಸಿನ ವಿಷಯದಲ್ಲಿ ನಾವು ಕೇಳುವುದೆಲ್ಲ ಕೊನೆಗೆ ಡಿಪೋದವರ ಕೈಯಲ್ಲಿ ಒಂದು ಲೆಕ್ಕವಾಗುತ್ತದೆ. ಆ ಲೆಕ್ಕ ಗುಟ್ಟಿನದಲ್ಲ. ಕೂಡುವುದು, ಭಾಗಿಸುವುದು ಬಂದರೆ ಸಾಕು. ಅದನ್ನು ನಾವೇ ಮಾಡಿ ಕೊಟ್ಟರೆ ಅರ್ಜಿ ಓದುವವರ ಅರ್ಧ ಕೆಲಸ ಮುಗಿದಂತೆ. ಹೇಗೆ ಮಾಡುವುದು ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಒಂದು ಸುತ್ತಿಗೆ ಎಷ್ಟು ನಿಮಿಷ?

ಒಂದು ರೂಟ್‌ಗೆ ಎಷ್ಟು ಬಸ್ ಬೇಕು ಅನ್ನುವುದನ್ನು ಕಿಲೋಮೀಟರ್ ಹೇಳುವುದಿಲ್ಲ, ನಿಮಿಷ ಹೇಳುತ್ತದೆ. ಬಸ್ ಹೊರಟ ಜಾಗದಿಂದ ಕೊನೆ ಸ್ಟಾಪ್ ಮುಟ್ಟಿ, ಅಲ್ಲಿ ಸ್ವಲ್ಪ ನಿಂತು, ವಾಪಸ್ ಬಂದು, ಮತ್ತೆ ಹೊರಡುವ ತನಕ ಹಿಡಿಯುವ ಸಮಯವೇ ಒಂದು ಸುತ್ತು.

ಇದನ್ನು ತಿಳಿಯಲು ವೇಳಾಪಟ್ಟಿ ನೋಡಿದರೆ ಸಾಲದು. ಬಸ್ ಹತ್ತಿ ಕೂರಬೇಕು. ಬಾಗಿಲು ಕಾಣುವ ಸೀಟು ಹಿಡಿಯಿರಿ. ಪ್ರತಿ ಸ್ಟಾಪಿಗೆ ಬಂದ ಸಮಯ, ಬಿಟ್ಟ ಸಮಯ ಎರಡನ್ನೂ ಬರೆಯಿರಿ. ನಾನು ಹೀಗೆ ಕೂತಿದ್ದಾಗ ಒಂದು ಸ್ಟಾಪಿನಲ್ಲಿ ಬಸ್ 70 ಸೆಕೆಂಡು ನಿಂತಿತು. ಹತ್ತಿದವರು ಒಂಬತ್ತೇ ಜನ. ಎಲ್ಲರೂ ಮುಂದಿನ ಬಾಗಿಲಲ್ಲಿ ಸಾಲಾಗಿ ನಿಂತು ಚಿಲ್ಲರೆ ಎಣಿಸುತ್ತಿದ್ದರು, ಹಿಂದಿನ ಬಾಗಿಲು ಮುಚ್ಚಿತ್ತು. ಅಲ್ಲಿಂದ ಮುಂದೆ ಒಂದು ತಿರುವಿನಲ್ಲಿ ಸಿಗ್ನಲ್ ಮೂರು ಸಲ ಹಸಿರಾಗಿ ಕೆಂಪಾಯಿತು. ನಮ್ಮ ಬಸ್ ತಿರುಗಿದ್ದು ನಾಲ್ಕನೇ ಸಲಕ್ಕೆ. ಈ ಎರಡೇ ಜಾಗದಲ್ಲಿ ಐದು ನಿಮಿಷ ಹೋಯಿತು. ನಕ್ಷೆಯಲ್ಲಿ ನೋಡಿದರೆ ಅವೆರಡೂ ಸುಮ್ನೆ ಎರಡು ಚುಕ್ಕಿ.

ಈಗ ಲೆಕ್ಕ. ಹೋಗಲು 50 ನಿಮಿಷ, ಬರಲು 54, ಎರಡು ತುದಿಯಲ್ಲೂ 8 ನಿಮಿಷ ವಿರಾಮ ಅಂತಿಟ್ಟುಕೊಳ್ಳಿ. ಒಟ್ಟು 120 ನಿಮಿಷ. 15 ನಿಮಿಷಕ್ಕೊಂದು ಬಸ್ ಬೇಕೆಂದರೆ 120ನ್ನು 15ರಿಂದ ಭಾಗಿಸಿ: 8 ಬಸ್. 10 ನಿಮಿಷಕ್ಕೊಂದು ಬೇಕೆಂದರೆ 12 ಬಸ್.

ರಸ್ತೆಯಲ್ಲಿ ವಾಹನ ಜಾಸ್ತಿಯಾಗಿ ಸುತ್ತಿನ ಸಮಯ 135 ನಿಮಿಷಕ್ಕೆ ಏರಿತು ಅನ್ನಿ. ಅದೇ 15 ನಿಮಿಷದ ಅಂತರ ಉಳಿಯಬೇಕಾದರೆ 9 ಬಸ್ ಬೇಕು. ಬಸ್ 8ರಲ್ಲೇ ನಿಂತರೆ ಅಂತರ ಸುಮಾರು 17 ನಿಮಿಷವಾಗುತ್ತದೆ. ಯಾರೂ ಬಸ್ ಕಡಿಮೆ ಮಾಡಿಲ್ಲ, ಆದರೂ ನಿಮಗೆ ಬಸ್ ಕಡಿಮೆಯಾಗಿದೆ. ಇದೇ ಲೆಕ್ಕ ಉಲ್ಟಾ ಕೂಡ ನಡೆಯುತ್ತದೆ. ಎರಡೂ ಬಾಗಿಲಲ್ಲಿ ಹತ್ತಲು ಬಿಟ್ಟು, ಆ ತಿರುವಿನಲ್ಲಿ ಬಸ್ಸಿಗೆ ಬೇರೆ ಪಥ ಕೊಟ್ಟು, ತೀರಾ ಹತ್ತಿರ ಹತ್ತಿರ ಇರುವ ಸ್ಟಾಪುಗಳನ್ನು ಒಂದು ಮಾಡಿ ಸುತ್ತನ್ನು 105 ನಿಮಿಷಕ್ಕೆ ಇಳಿಸಿದರೆ 7 ಬಸ್ ಸಾಕು. ಹೊಸ ಬಸ್ ಕೊಳ್ಳದೆ ಒಂದು ಬಸ್ ಕೈಗೆ ಬಂತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಮಯ ಉಳಿಸಲು ತುದಿಯ ವಿರಾಮಕ್ಕೆ ಕೈ ಹಾಕಬೇಡಿ. "ಡ್ರೈವರ್ ಸುಮ್ನೆ ನಿಂತಿರ್ತಾರೆ" ಅನ್ನುವ ದೂರು ನಾನು ತುಂಬಾ ಕೇಳಿದ್ದೇನೆ, ಕೇಳಿದಾಗಲೆಲ್ಲ ಬೇಜಾರಾಗುತ್ತದೆ. ಒಂದು ಗಂಟೆ ಹತ್ತಿರ ಸ್ಟೇರಿಂಗ್ ಹಿಡಿದವರಿಗೆ ನೀರು ಕುಡಿಯಲು, ಶೌಚಾಲಯಕ್ಕೆ ಹೋಗಿ ಬರಲು ಇರುವ ಹೊತ್ತು ಅದು. ಹೋಗುವಾಗ ಐದು ನಿಮಿಷ ತಡವಾದ ಬಸ್, ಬರುವಾಗ ಸರಿಯಾದ ಹೊತ್ತಿಗೆ ಹೊರಡುವುದೂ ಆ ವಿರಾಮದಿಂದಲೇ. ಅದನ್ನು ತೆಗೆದರೆ ಬೆಳಗಿನ ತಡ ಸಂಜೆಯ ತನಕ ಸುತ್ತುತ್ತದೆ.

ಹೆಜ್ಜೆ 2: ಅಂತರ ಸಮನಾಗಿದೆಯೇ?

ಬಸ್ಸಿನ ಸಂಖ್ಯೆ ಕೇಳುವ ಮೊದಲು ಇದನ್ನು ನೋಡಿ. ಒಂದೇ ಸ್ಟಾಪಿನಲ್ಲಿ, ಒಂದೇ ದಿಕ್ಕಿಗೆ, ಎರಡು ಗಂಟೆ ನಿಂತು ಬಸ್ ಬಂದ ಸಮಯ ಬರೆಯಿರಿ. ಕನಿಷ್ಠ ಮೂರು ಕೆಲಸದ ದಿನ. ಮಳೆ ಬಂದ ದಿನ, ರಜೆಯ ಹಿಂದಿನ ದಿನ ಬೇಡ, ಆ ದಿನಗಳ ಲೆಕ್ಕವೇ ಬೇರೆ.

10 ನಿಮಿಷಕ್ಕೊಂದು ಬಸ್ ಸಮನಾಗಿ ಬಂದರೆ ನೀವು ಸರಾಸರಿ 5 ನಿಮಿಷ ಕಾಯುತ್ತೀರಿ. ಅವೇ ಬಸ್ಸುಗಳು ಎರಡೆರಡು ಜೊತೆಯಾಗಿ 20 ನಿಮಿಷಕ್ಕೊಮ್ಮೆ ಬಂದರೆ ಕಾಯುವುದು 10 ನಿಮಿಷ. ಗಂಟೆಗೆ ಆರು ಬಸ್ ಅನ್ನುವುದು ಎರಡೂ ಕಡೆ ನಿಜ. ಕಾಗದದಲ್ಲಿ ಸೇವೆ ಸರಿಯಿದೆ, ನಿಮ್ಮ ಕಾಲು ಮಾತ್ರ ನೋಯುತ್ತಿದೆ.

ಬಸ್ಸುಗಳು ಜೋಡಿಯಾಗುವುದಕ್ಕೆ ಯಾರದ್ದೋ ಸೋಮಾರಿತನವೇ ಕಾರಣ ಆಗಬೇಕಿಲ್ಲ. ಮುಂದಿನ ಬಸ್ ಎರಡು ನಿಮಿಷ ತಡವಾದರೆ ಸ್ಟಾಪಿನಲ್ಲಿ ಜನ ಸೇರುತ್ತಾರೆ. ಅವರೆಲ್ಲ ಹತ್ತುವ ಹೊತ್ತಿಗೆ ಅದು ಇನ್ನಷ್ಟು ತಡ. ಹಿಂದಿನ ಬಸ್ಸಿಗೆ ಹತ್ತುವವರೇ ಇಲ್ಲ, ಅದು ಓಡಿಬಂದು ಮುಂದಿನದರ ಬಾಲ ಹಿಡಿಯುತ್ತದೆ. ಇದಕ್ಕೆ ಮದ್ದು ಹೊರಡುವ ಜಾಗದಲ್ಲೇ ಇದೆ. ಅಲ್ಲಿ ಅಂತರ ನೋಡಿ ಬಿಡಬೇಕು, ದಾರಿಯ ನಡುವೆ ಒಂದೆರಡು ಸ್ಟಾಪಿನಲ್ಲಿ ಬೇಗ ಬಂದ ಬಸ್ಸನ್ನು ಒಂದು ನಿಮಿಷ ತಡೆಯಬೇಕು. ಖರ್ಚಿಲ್ಲದ ಕೆಲಸ ಇದು, ಅದಕ್ಕೇ ಮೊದಲು ಇದನ್ನು ಕೇಳಿ.

ಹೆಜ್ಜೆ 3: ಜನರನ್ನು ಎಣಿಸುವುದು

ಅಂತರ ಸಮನಾಗಿದ್ದೂ ಬಸ್ ತುಂಬಿ ತುಳುಕುತ್ತಿದ್ದರೆ ಆಗ ಬಸ್ ಸಾಲದು ಅನ್ನಬಹುದು. ರೂಟಿನಲ್ಲಿ ಎಲ್ಲಿ ಬಸ್ ಅತಿ ಹೆಚ್ಚು ತುಂಬಿರುತ್ತದೋ ಆ ಜಾಗದಲ್ಲಿ ನಿಲ್ಲಿ. ಅದು ಹೆಚ್ಚಾಗಿ ದೊಡ್ಡ ಸ್ಟಾಪಿನ ಒಂದೆರಡು ಸ್ಟಾಪ್ ಹಿಂದೆ ಇರುತ್ತದೆ, ದೊಡ್ಡ ಸ್ಟಾಪಿನಲ್ಲಿ ಜನ ಇಳಿದುಬಿಡುತ್ತಾರಲ್ಲ. ಕಂಡಕ್ಟರ್‌ ಅಥವಾ ಡ್ರೈವರನ್ನು ಕೇಳಿ. ಅವರು ಒಂದೇ ಮಾತಿನಲ್ಲಿ ಹೇಳುತ್ತಾರೆ.

ಒಬ್ಬೊಬ್ಬರನ್ನೂ ಎಣಿಸುವುದು ಕಷ್ಟ. ಸೀಟು ಖಾಲಿ, ಸೀಟು ಭರ್ತಿ, ನಿಂತವರಿದ್ದಾರೆ, ಬಾಗಿಲ ತನಕ ಜನ, ಹತ್ತಲು ಆಗದೆ ಉಳಿದವರಿದ್ದಾರೆ. ಈ ಐದು ಗುರುತು ಮಾಡಿಕೊಂಡರೆ ಸಾಕು. ಕೊನೆಯದನ್ನು ಮಾತ್ರ ತಲೆ ಎಣಿಸಿ ಬರೆಯಿರಿ. ಸ್ಟಾಪಿನಲ್ಲೇ ಉಳಿದವರಿಗೆ ಟಿಕೆಟ್ ಹರಿದಿರುವುದಿಲ್ಲ. ಅವರು ಯಾವ ಯಂತ್ರದ ಲೆಕ್ಕದಲ್ಲೂ ಇರುವುದಿಲ್ಲ, ನಿಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ ಇರುತ್ತಾರೆ.

ಬೆಳಗಿನ ಒಂದು ಗಂಟೆಯಲ್ಲಿ ಒಂದು ದಿಕ್ಕಿಗೆ ಆ ಜಾಗದಲ್ಲಿ 300 ಜನ ಹೋಗುತ್ತಾರೆ, ಒಂದು ಬಸ್ಸಿಗೆ 60 ಜನ ಸರಿಯಾದ ಲೆಕ್ಕ ಅಂದುಕೊಳ್ಳಿ. ಗಂಟೆಗೆ 5 ಟ್ರಿಪ್ ಬೇಕು. ಅಂದರೆ 12 ನಿಮಿಷಕ್ಕೊಂದು. ನಮ್ಮ 120 ನಿಮಿಷದ ಸುತ್ತಿಗೆ 10 ಬಸ್. ಈಗ 8 ಇದೆ. "ಇನ್ನೂ ಎರಡು ಬಸ್" ಅನ್ನುವ ಮಾತಿಗೆ ಈಗ ಬೆನ್ನೆಲುಬು ಬಂತು.

ಆದರೆ ತುಂಬುವುದು ರೂಟಿನ ಅರ್ಧ ಭಾಗ ಮಾತ್ರವಾದರೆ? ಆ ಅರ್ಧದಲ್ಲಷ್ಟೇ ಓಡಿ ವಾಪಸ್ ತಿರುಗುವ ಶಾರ್ಟ್ ಟ್ರಿಪ್ ಕೇಳಬಹುದು. ಆ ಭಾಗದ ಸುತ್ತು 60 ನಿಮಿಷವಾದರೆ ಒಂದೇ ಬಸ್ ಗಂಟೆಗೆ ಒಂದು ಹೆಚ್ಚಿನ ಟ್ರಿಪ್ ಕೊಡುತ್ತದೆ. ಎರಡು ಬಸ್ಸಿನ ಕೆಲಸ ಒಂದರಲ್ಲಿ ಆಯಿತು. ಅದು ಯಾವ ಟ್ರಿಪ್ ಅತಿ ಹೆಚ್ಚು ತುಂಬುತ್ತದೋ ಅದರ ಐದಾರು ನಿಮಿಷ ಮುಂಚೆ ಹೊರಡಬೇಕು. ಹಿಂದೆ ಹೊರಟರೆ ಖಾಲಿ ಓಡುತ್ತದೆ.

ಹೆಜ್ಜೆ 4: ಡಿಪೋದಲ್ಲಿ ನಿಂತ ಬಸ್ಸುಗಳು

"ಡಿಪೋದಲ್ಲಿ ಇಷ್ಟೊಂದು ಬಸ್ ನಿಂತಿದೆಯಲ್ಲ, ನಮಗೆ ಕೊಡೋಕೆ ಏನು?" ಅಂತ ಕೇಳುವ ಮುನ್ನ ಯಾವ ಹೊತ್ತಿನಲ್ಲಿ ನಿಂತಿದೆ ನೋಡಿ. ಬೆಳಗಿನ ನೂಕುನುಗ್ಗಲಿನ ಹೊತ್ತಿನಲ್ಲೂ ಒಂದಷ್ಟು ಬಸ್ ನಿಂತಿರಲೇಬೇಕು. ರಿಪೇರಿಗೆ, ಸರ್ವಿಸಿಗೆ, ದಾರಿಯಲ್ಲಿ ಕೆಟ್ಟ ಬಸ್ಸಿನ ಬದಲಿಗೆ. ಅಮೆರಿಕದಲ್ಲಿ 50 ಅಥವಾ ಅದಕ್ಕಿಂತ ಜಾಸ್ತಿ ಬಸ್ ಓಡಿಸುವ ಸಂಸ್ಥೆಗಳಿಗೆ ಸ್ಪೇರ್ ಬಸ್ 20% ದಾಟಬಾರದು ಅನ್ನುವ ಮಟ್ಟವನ್ನು ಅಲ್ಲಿನ ಫೆಡರಲ್ ಸಾರಿಗೆ ಆಡಳಿತ ಇಟ್ಟಿದೆ. 100 ಬಸ್ ರಸ್ತೆಗಿಳಿಯುವ ಕಡೆ 20 ಸ್ಪೇರ್ ಇರುವುದು ತಪ್ಪಲ್ಲ. 40 ನಿಂತಿದ್ದರೆ ಆಗ ಕೇಳಬೇಕಾದ ಪ್ರಶ್ನೆ ಬಿಡಿಭಾಗದ್ದು, ಮೆಕ್ಯಾನಿಕ್‌ಗಳದ್ದು.

ಮಧ್ಯಾಹ್ನ ನಿಂತ ಬಸ್ಸುಗಳ ಕಥೆ ಬೇರೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆಗೆ ಬೇಕಾದ ಬಸ್ಸುಗಳು ನಡುವೆ ಖಾಲಿ ಇರುತ್ತವೆ. ಅದಕ್ಕೇ ಮಧ್ಯಾಹ್ನದ ಟ್ರಿಪ್ ಕೇಳುವುದು ಬೆಳಗಿನ ಟ್ರಿಪ್ ಕೇಳುವುದಕ್ಕಿಂತ ಸುಲಭ. ಬಸ್ ಇದೆ, ಬೇಕಾಗಿರುವುದು ಸಿಬ್ಬಂದಿಯ ಹೊತ್ತು ಮತ್ತು ಇಂಧನ. ಬೆಳಗಿನ ಒಂದು ಟ್ರಿಪ್‌ಗಾದರೆ ಹೊಸ ಬಸ್ಸೇ ಬೇಕಾಗಬಹುದು. ಮಧ್ಯಾಹ್ನದ ಪಾಳಿ ಮುಗಿಸಿ ಮನೆಗೆ ಹೋಗುವವರು, ಮಕ್ಕಳನ್ನು ಕರೆತರುವವರು, ಆಸ್ಪತ್ರೆಗೆ ಹೋಗುವವರು ನಿಮ್ಮ ಕಡೆ ಜಾಸ್ತಿ ಇದ್ದರೆ ಅಲ್ಲಿಂದಲೇ ಶುರು ಮಾಡಿ.

ಡಿಪೋದಿಂದ ಮೊದಲ ಸ್ಟಾಪಿನ ತನಕ ಬಸ್ ಖಾಲಿ ಓಡುವುದಕ್ಕೆ ಡೆಡ್ ಕಿಲೋಮೀಟರ್ ಅನ್ನುತ್ತಾರೆ. ಹೇಗೂ ಓಡುವ ಆ ದಾರಿಯಲ್ಲಿ ಜನರನ್ನು ಹತ್ತಿಸಿಕೊಳ್ಳಿ ಅಂತ ಕೇಳಬಹುದು. ಮುಂಜಾನೆಯ ಮೊದಲ ಬಸ್ ಎಷ್ಟೋ ಸಲ ಹೀಗೇ ಸಿಗುತ್ತದೆ.

ಹೆಜ್ಜೆ 5: ರೂಟ್ ಬದಲಾವಣೆಯ ನೋಟಿಸ್ ಬಂದಾಗ

ಮೊದಲು ಸಿಟ್ಟು ಬರುತ್ತದೆ, ಅದು ಸಹಜ. ದಿನವೂ ಹತ್ತುವ ಬಸ್ ಅಂದರೆ ಬದುಕಿನ ಒಂದು ಭಾಗ. ಆದರೂ ನೋಟಿಸನ್ನು ಎರಡು ಸಲ ಓದಿ, ಹಳೆ ದಾರಿ ಹೊಸ ದಾರಿ ಎರಡನ್ನೂ ಒಂದೇ ನಕ್ಷೆಯ ಮೇಲೆ ಎರಡು ಬಣ್ಣದಲ್ಲಿ ಎಳೆಯಿರಿ. ಸೇವೆ ಪೂರ್ತಿ ಕಳೆದುಕೊಳ್ಳುವ ಸ್ಟಾಪುಗಳು ಎಷ್ಟು, ಬಸ್ ಬದಲಿಸಬೇಕಾಗುವ ಪ್ರಯಾಣಗಳು ಯಾವುವು, ಅಂತರ ಎಷ್ಟು ಕಡಿಮೆಯಾಗುತ್ತದೆ ಅಂತ ನೋಡಿ.

ಸುತ್ತುದಾರಿಯ ಲೆಕ್ಕ ಹೀಗೆ. ಮುಖ್ಯರಸ್ತೆ ಬಿಟ್ಟು ಒಂದು ಬಡಾವಣೆಯೊಳಗೆ ಹೋಗಿ ಬರಲು ಬಸ್ಸಿಗೆ 6 ನಿಮಿಷ ಹಿಡಿಯುತ್ತದೆ. ಒಳಗೆ ಕೂತ 40 ಜನರಿಗೆ ಒಟ್ಟು 240 ನಿಮಿಷ ನಷ್ಟ. ಬಡಾವಣೆಯಲ್ಲಿ ಹತ್ತುವ 10 ಜನರಿಗೆ 12 ನಿಮಿಷದ ನಡಿಗೆ ಉಳಿದರೆ 120 ನಿಮಿಷ ಲಾಭ. ಎರಡೂ ದಿಕ್ಕು ಸೇರಿ ಸುತ್ತು 12 ನಿಮಿಷ ಉದ್ದವಾಯಿತು. 12 ನಿಮಿಷಕ್ಕೊಂದು ಬಸ್ ಓಡುವ ರೂಟಿನಲ್ಲಿ ಇದು ಸರಿಯಾಗಿ ಒಂದು ಬಸ್ಸಿನ ಖರ್ಚು. ರೂಟ್ ನೇರ ಮಾಡುವವರು ಈ ಲೆಕ್ಕ ಇಟ್ಟುಕೊಂಡೇ ಬರುತ್ತಾರೆ, ಅದು ತಪ್ಪೂ ಅಲ್ಲ.

ಆದರೆ ನಿಮಿಷಗಳೆಲ್ಲ ಒಂದೇ ತೂಕದವಲ್ಲ ಅಲ್ವಾ? ಕೂತವರ 6 ನಿಮಿಷ ಬೇರೆ, ಡಯಾಲಿಸಿಸ್ ಮುಗಿಸಿ ಬಂದವರು ಬಿಸಿಲಲ್ಲಿ ನಡೆಯುವ 12 ನಿಮಿಷ ಬೇರೆ. ಆ 10 ಜನ ಯಾರು ಅಂತ ನೋಡಿ ಬರೆಯಿರಿ. ಅಲ್ಲಿ ಆಸ್ಪತ್ರೆ, ವೃದ್ಧಾಶ್ರಮ, ಅಂಗವಿಕಲ ಮಕ್ಕಳ ಶಾಲೆ ಇದ್ದರೆ ಸುತ್ತುದಾರಿ ಉಳಿಯಬೇಕು ಅನ್ನುವುದೇ ನನ್ನ ಪಕ್ಷ. ಇಲ್ಲದಿದ್ದರೆ ಬಡಾವಣೆಯ ಜನರನ್ನು ಮುಖ್ಯರಸ್ತೆಯ ಬಸ್ಸಿಗೆ ತಂದುಬಿಡುವ ಸಣ್ಣ ಫೀಡರ್ ಬಸ್ ಕೇಳಿ. ದಿನಕ್ಕೆ ನಾಲ್ಕು ಟ್ರಿಪ್ ಮಾತ್ರ ಒಳಗೆ ಬರಲಿ ಅನ್ನುವ ರಾಜಿ ನನಗೆ ಒಪ್ಪಿಗೆ ಇಲ್ಲ. ಯಾವ ಬಸ್ ಒಳಗೆ ಬರುತ್ತದೆ, ಯಾವುದು ಬರುವುದಿಲ್ಲ ಅನ್ನುವ ಗೊಂದಲದಲ್ಲಿ ಎರಡೂ ಕಡೆಯವರು ಸೋಲುತ್ತಾರೆ.

ದೊಡ್ಡ ಬದಲಾವಣೆ ಬಂದಾಗ ಬೇರೆ ಊರುಗಳ ಅನುಭವ ನೆನಪಿಡಿ. ಹ್ಯೂಸ್ಟನ್ ನಗರ 2015ರ ಆಗಸ್ಟ್‌ನಲ್ಲಿ ಒಂದು ಭಾನುವಾರ ತನ್ನ ಸ್ಥಳೀಯ ಬಸ್ ಜಾಲವನ್ನೆಲ್ಲ ಒಟ್ಟಿಗೆ ಬದಲಿಸಿತು. ಹೆಚ್ಚುಕಡಿಮೆ ಅದೇ ಖರ್ಚಿನಲ್ಲಿ 15 ನಿಮಿಷಕ್ಕೊಂದು ಬಸ್ ಇರುವ ರೂಟುಗಳು ಜಾಸ್ತಿಯಾದವು, ವಾರಾಂತ್ಯದ ಸೇವೆಯೂ ಬೆಳೆಯಿತು. ದಕ್ಷಿಣ ಕೊರಿಯಾದ ಸೋಲ್ ನಗರ 2004ರ ಜುಲೈ 1ರಂದು ಬಸ್ಸುಗಳಿಗೆ ಬಣ್ಣ ಹಂಚಿತು: ಮುಖ್ಯ ದಾರಿಗೆ ನೀಲಿ, ಫೀಡರ್‌ಗೆ ಹಸಿರು, ಹೊರವಲಯಕ್ಕೆ ಕೆಂಪು, ನಗರದೊಳಗಿನ ಸುತ್ತಿಗೆ ಹಳದಿ. ಅದೇ ದಿನ ದೂರ ಆಧರಿಸಿದ ಹೊಸ ದರವೂ ಬಂತು. ಮೊದಲ ದಿನಗಳಲ್ಲಿ ಕಾರ್ಡ್ ಯಂತ್ರಗಳು ಕೈಕೊಟ್ಟು ಜನ ಪರದಾಡಿದರು, ಮೇಯರ್ ಕ್ಷಮೆ ಕೇಳಿದರು. ಆಮೇಲೆ ವ್ಯವಸ್ಥೆ ನಿಂತಿತು. ಚಿಲಿಯ ಸ್ಯಾಂಟಿಯಾಗೊದಲ್ಲಿ 2007ರ ಫೆಬ್ರುವರಿ 10ರಂದು ಇಂಥದ್ದೇ ಬದಲಾವಣೆ ನಡೆಯಿತು. ಅಲ್ಲಿ ಬಸ್ ಸಾಲದಾಯಿತು, ಬಸ್ ಪಥಗಳು ಸಿದ್ಧವಾಗಿರಲಿಲ್ಲ, ಜನರೆಲ್ಲ ಮೆಟ್ರೋಗೆ ನುಗ್ಗಿದರು. ಅಧ್ಯಕ್ಷೆ ಮಿಶೆಲ್ ಬ್ಯಾಚೆಲೆಟ್ ದೇಶದ ಮುಂದೆ ಕ್ಷಮೆ ಕೇಳಬೇಕಾಯಿತು.

ಹಾಗಾಗಿ ಹೊಸ ರೂಟಿನ ಸಭೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಮೊದಲ ದಿನ ರಸ್ತೆಗೆ ಎಷ್ಟು ಬಸ್ ಇಳಿಯುತ್ತದೆ, ಸುತ್ತಿನ ಸಮಯ ಎಷ್ಟು ಹಿಡಿದಿದ್ದೀರಿ? ಈ ಎರಡು ಅಂಕಿ ಕೊಟ್ಟರೆ ಅವರು ಹೇಳಿದ ಅಂತರ ನಿಜವೋ ಸುಳ್ಳೋ ಅಂತ ನೀವೇ ಅಲ್ಲೇ ಭಾಗಿಸಿ ನೋಡಬಹುದು. ಎರಡನೇ ಪ್ರಶ್ನೆ ಬಸ್ ಬದಲಿಸುವ ಜಾಗದ್ದು. ಅಲ್ಲಿ ನೆರಳಿದೆಯೇ, ಬೆಳಕಿದೆಯೇ, ರಸ್ತೆ ದಾಟಬೇಕೇ, ಮುಂದಿನ ಬಸ್ ಎಷ್ಟು ನಿಮಿಷಕ್ಕೆ? 8 ನಿಮಿಷಕ್ಕೊಂದು ಬಸ್ ಇರುವ ಕಡೆ ಇಳಿದು ಹತ್ತುವುದು ಒಂದು ತೊಂದರೆ ಅಷ್ಟೇ. 40 ನಿಮಿಷಕ್ಕೊಂದು ಇರುವ ಕಡೆ ಅದು ಶಿಕ್ಷೆ.

ಹೆಜ್ಜೆ 6: ದರ ವಲಯ

ರೂಟ್ ಬದಲಾದಾಗ ದರ ಸದ್ದಿಲ್ಲದೆ ಬದಲಾಗಬಹುದು. ದರ ಹಾಕುವ ರೀತಿಗಳು ಹಲವು: ಎಲ್ಲಿಗೆ ಹೋದರೂ ಒಂದೇ ದರ, ಸ್ಟೇಜ್ ಲೆಕ್ಕ, ವಲಯದ ಲೆಕ್ಕ, ಕಿಲೋಮೀಟರ್ ಲೆಕ್ಕ. ವಲಯದಲ್ಲಿ ಊರನ್ನು ತುಂಡುಗಳಾಗಿ ಹಂಚಿ, ಎಷ್ಟು ತುಂಡು ದಾಟಿದಿರಿ ಅನ್ನುವುದರ ಮೇಲೆ ಹಣ ತೆಗೆದುಕೊಳ್ಳುತ್ತಾರೆ. ಅರ್ಥ ಮಾಡಿಕೊಳ್ಳಲು ಸುಲಭ. ಆದರೆ ಗಡಿಯ ಪಕ್ಕದಲ್ಲಿ ಇರುವವರಿಗೆ ಅನ್ಯಾಯ. ಗಡಿಯಾಚೆಯ ಎರಡನೇ ಸ್ಟಾಪಿಗೆ ಹೋಗುವವರು ಎರಡು ವಲಯದ ದರ ಕೊಡುತ್ತಾರೆ, ಅದೇ ವಲಯದೊಳಗೆ ಹತ್ತು ಕಿಲೋಮೀಟರ್ ಹೋಗುವವರು ಒಂದರ ದರ ಕೊಡುತ್ತಾರೆ.

ಇದಕ್ಕೆ ಸರಳ ಪರಿಹಾರವಿದೆ. ಗಡಿಯ ಸ್ಟಾಪುಗಳನ್ನು ಎರಡೂ ವಲಯಕ್ಕೆ ಸೇರಿಸುವುದು. ಆಗ ಯಾವ ಕಡೆಯಿಂದ ಬಂದರೂ ಆ ಸ್ಟಾಪ್ ನಿಮ್ಮ ವಲಯದ್ದೇ. ಅರ್ಜಿಯಲ್ಲಿ ಸ್ಟಾಪುಗಳ ಹೆಸರು ಬರೆದು ಇದನ್ನೇ ಕೇಳಿ. ಗಡಿಯನ್ನೇ ಸರಿಸಿ ಅಂತ ಕೇಳಿದರೆ ಅನ್ಯಾಯ ಪಕ್ಕದ ಓಣಿಗೆ ಹೋಗುತ್ತದೆ.

ಬಸ್ ಬದಲಿಸಿದರೆ ಎರಡನೇ ಸಲ ದುಡ್ಡು ಕೊಡಬೇಕೇ ಅನ್ನುವುದು ಇನ್ನೂ ದೊಡ್ಡ ಪ್ರಶ್ನೆ. ರೂಟ್ ಕತ್ತರಿಸಿ ಎರಡು ಮಾಡಿ, ಎರಡಕ್ಕೂ ಬೇರೆ ಬೇರೆ ಟಿಕೆಟ್ ತೆಗೆದುಕೊಳ್ಳುವುದು ದರ ಏರಿಸಿದಂತೆಯೇ. ಲಂಡನ್ 2016ರ ಸೆಪ್ಟೆಂಬರ್‌ನಲ್ಲಿ ಒಂದು ಗಂಟೆಯೊಳಗೆ ಎರಡನೇ ಬಸ್ ಉಚಿತ ಮಾಡಿತು, 2018ರಿಂದ ಆ ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಒಂದೇ ದರ. ಸಿಂಗಪುರ 2010ರ ಜುಲೈನಲ್ಲಿ ದರವನ್ನು ಒಟ್ಟು ದೂರಕ್ಕೆ ಕಟ್ಟಿತು, ನಡುವೆ ಬದಲಿಸಿದ್ದಕ್ಕೆ ಹೆಚ್ಚು ಕೊಡಬೇಕಿಲ್ಲ. ಸ್ಟಾಕ್‌ಹೋಮ್ 2017ರ ಜನವರಿಯಲ್ಲಿ ವಲಯಗಳನ್ನೇ ತೆಗೆದುಹಾಕಿತು.

ನಿಮ್ಮ ಸ್ವಂತ ಲೆಕ್ಕಕ್ಕೆ ಒಂದು ತಿಂಗಳ ಪ್ರಯಾಣ ಬರೆದಿಡಿ. ಪಾಸಿನ ಬೆಲೆಯನ್ನು ಒಂದು ಟಿಕೆಟಿನ ದರದಿಂದ ಭಾಗಿಸಿ. 36 ಬಂದರೆ, ದಿನಕ್ಕೆ ಎರಡು ಪ್ರಯಾಣದಂತೆ 18 ದಿನಕ್ಕೆ ಪಾಸಿನ ದುಡ್ಡು ಹುಟ್ಟುತ್ತದೆ. ರೂಟ್ ಬದಲಾವಣೆ ಆದಾಗಲೆಲ್ಲ ಇದನ್ನು ಮತ್ತೆ ಮಾಡಿ.

ಹೆಜ್ಜೆ 7: ಅರ್ಜಿ

ಒಂದು ಪುಟ ಸಾಕು. ಒಂದೇ ಬೇಡಿಕೆ ಇರಲಿ. ರೂಟ್ ನಂಬರ್, ದಿಕ್ಕು, ಸ್ಟಾಪಿನ ಹೆಸರು, ನೋಡಿದ ದಿನಾಂಕ ಮೊದಲ ಸಾಲಿನಲ್ಲೇ ಬರಲಿ. ನಾನು ಬರೆಯುವ ರೀತಿ ಇದು:

"ಈ ಸ್ಟಾಪಿನಲ್ಲಿ ಮೂರು ಕೆಲಸದ ದಿನ ಬೆಳಿಗ್ಗೆ 7ರಿಂದ 9ರ ತನಕ ಬಸ್ ಬಂದ ಸಮಯದ ಪಟ್ಟಿ ಇದರ ಜೊತೆಗಿದೆ. 7:43 ಆದ ಮೇಲೆ 29 ನಿಮಿಷ ಬಸ್ ಇಲ್ಲ. 7:43ರ ಬಸ್ಸನ್ನು 7:55ಕ್ಕೆ ಬಿಡಬೇಕೆಂದು ಕೋರುತ್ತೇವೆ. ಹೆಚ್ಚಿನ ಬಸ್ ಬೇಕಿಲ್ಲ."

ಪಟ್ಟಿ, ಕೆಳಗೆ ಸಹಿಗಳು. ಸಹಿ ಹಾಕುವವರು ಎಷ್ಟು ಹೊತ್ತಿಗೆ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಅಂತ ಪಕ್ಕದಲ್ಲಿ ಬರೆಸಿ. ಬರೀ ನೂರು ಸಹಿಗಿಂತ ಹೀಗೆ ಬರೆದ ಇಪ್ಪತ್ತು ಸಹಿಗೆ ಬೆಲೆ ಜಾಸ್ತಿ. ಡ್ರೈವರ್, ಕಂಡಕ್ಟರ್ ಹೇಳಿದ್ದನ್ನು ಬಳಸಿದ್ದರೆ ಅವರ ಹೆಸರು ಮಾತ್ರ ಹಾಕಬೇಡಿ, ಅವರಿಗೆ ತೊಂದರೆಯಾಗಬಾರದು.

ಒಂದು ಬಸ್ಸಿನ ಹೊತ್ತು ಬದಲಿಸಿದರೆ ಸಿಬ್ಬಂದಿಯ ಪಾಳಿಯೂ ಬದಲಾಗಬೇಕು, ಹಾಗಾಗಿ ನಾಳೆಯೇ ಆಗಲಿ ಅಂತ ಕೇಳಬೇಡಿ. ಮುಂದಿನ ವೇಳಾಪಟ್ಟಿ ಯಾವಾಗ ಬರುತ್ತದೆ ಅಂತ ವಿಚಾರಿಸಿ, ಅದರ ಎರಡು ಮೂರು ತಿಂಗಳು ಮುಂಚೆ ಅರ್ಜಿ ಮುಟ್ಟಿಸಿ. ಸ್ವೀಕೃತಿಯ ಸೀಲು ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ.

ಬದಲಾವಣೆ ಬಂದರೆ ಮೊದಲ ವಾರ ಬಿಟ್ಟುಬಿಡಿ. ಜನರಿಗೂ ಡ್ರೈವರ್‌ಗಳಿಗೂ ಹೊಸತು ಅಭ್ಯಾಸವಾಗಬೇಕು. ನಾಲ್ಕನೇ ವಾರದಲ್ಲಿ ಅದೇ ಸ್ಟಾಪಿನಲ್ಲಿ, ಅದೇ ಹೊತ್ತಿಗೆ, ಅದೇ ನೋಟ್‌ಬುಕ್ ತೆಗೆದುಕೊಂಡು ಮತ್ತೆ ಮೂರು ದಿನ ನಿಲ್ಲಿ. ಹಳೆ ಪಟ್ಟಿಯ ಪಕ್ಕದಲ್ಲೇ ಹೊಸ ಪಟ್ಟಿ ಬರೆದು ಅದರ ಒಂದು ಪ್ರತಿಯನ್ನು ಡಿಪೋಗೆ ಕೊಟ್ಟು ಬನ್ನಿ. ಸರಿಹೋಗಿದ್ದರೂ ಕೊಡಿ.